ಮೂವತ್ತನಾಲ್ಕು ಪರ್ಸೆಂಟ್

ಕಾರಿನ ಗುಂಡಿ ಒತ್ತಿದ ಕೂಡಲೇ ಮೀಟರಣ್ಣನ ಕಣ್ಣು ಪರದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಮೂವತ್ತನಾಲ್ಕು. ನೂರು ಇರಬೇಕಾದ ಕಡೆ ಮೂವತ್ತನಾಲ್ಕು! ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಅಷ್ಟೇ ಇತ್ತು.

"ಅಯ್ಯೋ, ಚಾರ್ಜೇ ಆಗಿಲ್ವಲ್ಲೇ!"

"ಹೆಂಗಾಗುತ್ತೆ? ರಾತ್ರಿ ನೀವು ಮಲಗಿದ ಮೇಲೆ ಪ್ಲಗ್ ನಾನೇ ಕಿತ್ತೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ, ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ. ಬೆಳಿಗ್ಗೆಯೇ ಹೊಲಿಗೆ ಅಂಗಡಿ ತೆರೆದು ಯಾರದೋ ಅಳತೆ ತೆಗೆದುಕೊಂಡು ಬಂದವಳು. ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ತಲೆ ನೆಟ್ಟಗಿದೆಯಾ ನಿಂಗೆ?"

"ನೆಟ್ಟಗಿರೋದಕ್ಕೇ ಕಿತ್ತಿದ್ದು. ಹೊಟ್ಟೆ ತುಂಬಾ ಚಾರ್ಜ್ ತುಂಬಿಸ್ಕೊಂಡು ಹೋಗಿ, ಹೆದ್ದಾರೀಲಿರೋ ಆ ಹೊಸ ಚಾರ್ಜಿಂಗ್ ಮಿಷನ್ನು ಮುಟ್ಟಿ ನೋಡ್ಕೊಂಡು ಬಂದ್ರೆ ನಂಗೇನು ಗೊತ್ತಾಗುತ್ತೆ? ಕೈ ಕೊಡೋದಿದ್ರೆ ಇವತ್ತೇ ಕೊಡ್ಲಿ. ಇವತ್ತು ನಮಗೋಸ್ಕರ ಯಾರೂ ಕಾಯ್ತಾ ಇಲ್ಲ."

ಅವಳು ಯಾವ ದಿನದ ಮಾತು ಆಡುತ್ತಿದ್ದಾಳೆಂದು ಮೀಟರಣ್ಣನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹನ್ನೊಂದು ತಿಂಗಳ ಹಿಂದೆ ಅವಳ ಅಕ್ಕನ ಹೃದಯದ ಆಪರೇಷನ್ನನ್ನು ಆಸ್ಪತ್ರೆಯವರು ಇದ್ದಕ್ಕಿದ್ದಂತೆ ಎರಡು ದಿನ ಮುಂಚೆ ಇಟ್ಟುಕೊಂಡಿದ್ದರು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅದು. ಅಕ್ಕನ ಊರು ನೂರಿಪ್ಪತ್ತು ಕಿಲೋಮೀಟರ್. ಕಾರಿನಲ್ಲಿ ಅರ್ಧ ಚಾರ್ಜೂ ಇರಲಿಲ್ಲ. "ದಾರೀಲೊಂದು ಹೋಟೆಲ್ ಹತ್ರ ಚಾರ್ಜರ್ ಇದೆ, ಬಾರೇ, ಬಸ್ಸಿಗಿಂತ ಬೇಗ ಹೋಗ್ತೀವಿ" ಎಂದು ಎದೆ ತಟ್ಟಿ ಹೊರಡಿಸಿದವನು ಇವನೇ. ಹೋಟೆಲಿನ ಚಾರ್ಜರ್ ಸತ್ತು ಮೂರು ವಾರವಾಗಿತ್ತು. ಕೊನೆಗೆ ಒಂದು ಪಂಕ್ಚರ್ ಅಂಗಡಿಯ ಸಾದಾ ಪ್ಲಗ್ಗಿಗೆ ಸಿಕ್ಕಿಸಿ ನಾಲ್ಕು ಗಂಟೆ ಕೂತರು. ಆಪರೇಷನ್ ಕೋಣೆಯ ಬಾಗಿಲವರೆಗೂ ಅಕ್ಕ "ನನ್ನ ತಂಗಿ ಬಂದ್ಲಾ?" ಎಂದು ಕೇಳುತ್ತಲೇ ಹೋದಳಂತೆ. ದೇವರು ದೊಡ್ಡವನು, ಅಕ್ಕ ಚೆನ್ನಾಗಿ ಎದ್ದು ಬಂದಳು. ಆದರೆ ತಂಗಿ ಮತ್ತೆ ಆ ಕಾರು ಹತ್ತಲಿಲ್ಲ. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಹೋಗಿಬರುತ್ತಿದ್ದಳು.

ಈಗ ಹೆದ್ದಾರಿಯುದ್ದಕ್ಕೂ ಅರವತ್ತು ಕಿಲೋಮೀಟರಿಗೊಂದರಂತೆ ಎಂಟು ಹೊಸ ಫಾಸ್ಟ್ ಚಾರ್ಜಿಂಗ್ ಕೇಂದ್ರಗಳು ಶುರುವಾಗಿದ್ದವು. ಊರಿನ ಎಲೆಕ್ಟ್ರಿಕ್ ಕಾರಿನವರದೊಂದು ಫೋನ್ ಗುಂಪಿತ್ತು. ಸುದ್ದಿ ಬಂದಾಗಿನಿಂದ ಅಲ್ಲಿ ಯಾರಿಗೂ ಊಟ ನಿದ್ದೆ ಬೇಡವಾಗಿತ್ತು. ಹಲ್ಲಿನ ಡಾಕ್ಟರು 'ಜನ್ಮ ಸಾರ್ಥಕ' ಎಂದು ಬರೆದಿದ್ದರು. ಬೇಕರಿಯವನು 'ಎಂಟರಲ್ಲಿ ಏಳು ಕೆಟ್ಟಿರುತ್ತೆ, ನೋಡ್ತಿರಿ' ಎಂದು ಬರೆದಿದ್ದ. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಮೊದಲನೇ ಕೇಂದ್ರದಲ್ಲಿ ಸೇರುವುದೆಂದು ತೀರ್ಮಾನವಾಯಿತು. ಮೀಟರಣ್ಣ ವಾರಪೂರ್ತಿ ಹೆಂಡತಿಯ ಹಿಂದೆ ಬಿದ್ದಿದ್ದ. ಅವಳು ಬರುತ್ತೇನೆಂದಾಗ ಹೀಗೆ ಸುಲಭವಾಗಿ ಹೇಗೆ ಒಪ್ಪಿದಳೆಂದು ಯೋಚಿಸುವ ಬುದ್ಧಿ ಅವನಿಗೆ ಬರಲಿಲ್ಲ.

"ಇವತ್ತೂ ದಾರೀಲಿ ನಿಂತ್ರೆ?" ಎಂದು ಕೇಳಿದ.

"ನಾಳೆ ಮಾರಿಬಿಡಿ. ನಾನು ಮತ್ತೆ ಆ ವಿಷಯ ಎತ್ತಲ್ಲ."

ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬರೆದುಕೊಂಡವನು ಅವನು. ಕೆಲಸ ಮುಗಿದರೂ ಚಟ ಮುಗಿಯಲಿಲ್ಲ. ಹೊರಟಾಗ ಎಷ್ಟು, ಮುಟ್ಟಿದಾಗ ಎಷ್ಟು ಎಂದು ಕಾರಿನದ್ದನ್ನೂ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಈ ಹೆಸರು ಬಂದದ್ದೂ ಹಾಗೆಯೇ. ಈಗ 'ಮೂವತ್ತನಾಲ್ಕು' ಎಂದು ಬರೆದ. ಕೇಂದ್ರಕ್ಕೆ ಐವತ್ತೆಂಟು ಕಿಲೋಮೀಟರ್. ಹೋಗಬಹುದು, ಆದರೆ ಅಲ್ಲಿ ಚಾರ್ಜ್ ಸಿಗದಿದ್ದರೆ ವಾಪಸ್ ಬರುವ ಮಾತಿಲ್ಲ.

ಏಸಿ ಬಂದ್. ಕಿಟಕಿ ಪೂರ್ತಿ ತೆರೆದರೆ ಗಾಳಿ ಕಾರನ್ನು ಹಿಡಿದೆಳೆಯುತ್ತದೆಂದು ಅದೂ ಎರಡೇ ಬೆರಳಗಲ. ನಲವತ್ತೈದರ ವೇಗ. ಲಾರಿಗಳು ಹಾರ್ನ್ ಹೊಡೆದು ದಾಟಿದವು, ಟ್ರ್ಯಾಕ್ಟರೊಂದು ಕೂಡ ದಾಟಿತು. ಹೆಂಡತಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತಿದ್ದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಕೇಂದ್ರ ಮುಟ್ಟಿದಾಗ ಒಂಬತ್ತು ಉಳಿದಿತ್ತು. ಚಾವಣಿಯ ಕೆಳಗೆ ಆರು ಬಿಳಿ ಚಾರ್ಜರ್ ಕಂಬಗಳು, ಐದಕ್ಕೆ ಗುಂಪಿನವರ ಕಾರುಗಳು. ಆದರೆ ಸಂಭ್ರಮದ ಸುಳಿವೇ ಇರಲಿಲ್ಲ. ಹಲ್ಲಿನ ಡಾಕ್ಟರು ವಿಡಿಯೋ ತೆಗೆಯಲು ತಂದಿದ್ದ ಫೋನನ್ನು ಜೇಬಿಗಿಟ್ಟು ಮುಖ ಜೋತುಹಾಕಿಕೊಂಡು ನಿಂತಿದ್ದರು.

"ಬನ್ನಿ ಮೀಟರಣ್ಣ, ನೋಡಿ ನಮ್ಮ ಗತಿ," ಎಂದ ಬೇಕರಿಯವನು. "ಕಾಲು ಗಂಟೆಯಿಂದ ನಿಂತಿದೀವಿ, ಎಂಬತ್ತೈದಿದ್ದದ್ದು ಎಂಬತ್ತೆಂಟಾಗಿದೆ. ಇದು ಫಾಸ್ಟಂತೆ! ನಮ್ಮ ಓವನ್ ಪಕ್ಕದ ಪ್ಲಗ್ಗೇ ವಾಸಿ."

ಮೀಟರಣ್ಣನಿಗೆ ಹೆಂಡತಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಕೇಂದ್ರದ ಇಂಜಿನಿಯರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇದೇ ಮಾತನ್ನು ಹತ್ತು ಸಲ ಹೇಳಿದವಳ ಸುಸ್ತು ಅವಳ ದನಿಯಲ್ಲಿತ್ತು. "ಸಾರ್, ಹೊಟ್ಟೆ ಬಿರಿಯ ಉಂಡು ಬಂದೋರಿಗೆ ನಾನು ಎಷ್ಟು ಬಡಿಸ್ಲಿ? ಎಂಬತ್ತರ ಮೇಲೆ ಬ್ಯಾಟರಿನೇ ಸಾಕು ಸಾಕು ಅನ್ನುತ್ತೆ. ಹೋಗ್ಲಿ, ಹಸಿದು ಬಂದಿರೋ ಕಾರು ಒಂದಾದ್ರೂ ಇದೆಯಾ?"

ಗುಂಪಿನವರೆಲ್ಲ ವರ್ಷಗಟ್ಟಲೆ ರಸ್ತೆಯಲ್ಲಿ ನಿಂತು ನಿಂತು ಬುದ್ಧಿ ಕಲಿತ ಜನ. ಚಾರ್ಜರ್ ನೋಡಲು ಹೊರಟಾಗಲೂ ನೂರು ತುಂಬಿಸದೆ ಅವರಲ್ಲಿ ಒಬ್ಬನೂ ಮನೆ ಬಿಟ್ಟಿರಲಿಲ್ಲ.

"ನಮ್ದಿದೆ," ಎಂದಳು ಮೀಟರಣ್ಣನ ಹೆಂಡತಿ. "ಒಂಬತ್ತು."

"ಒಂಬತ್ತಾ?" ಡಾಕ್ಟರು ಮೀಟರಣ್ಣನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ಒಂಬತ್ತು ಇಟ್ಕೊಂಡು ಬಂದ್ರಾ? ನೀವಾ?"

ಆರನೇ ಕಂಬದ ದಪ್ಪ ವೈರನ್ನು ಮೀಟರಣ್ಣ ಎರಡೂ ಕೈಯಲ್ಲಿ ಎತ್ತಿ ಸಿಕ್ಕಿಸಿದ. ಪರದೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬಂತು. ಆ ಹೋಟೆಲಿನ ಚಾರ್ಜರೂ ಹೀಗೇ ಕಾಯಿರಿ ಎಂದು ಹೇಳಿ ಆಮೇಲೆ ಕಪ್ಪಾಗಿತ್ತು. ಹೆಂಡತಿ ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ಅದನ್ನು ನೋಡಿಯೇ ಅವನಿಗೆ ಗೊತ್ತಾಯಿತು, ಇದು ಕೈ ಕೊಡಲಿ ಎಂದು ಅವಳು ಬಂದಿರಲಿಲ್ಲ.

ಕಂಬ ಗುಂಯ್ ಎಂದಿತು. ಮೀಟರಣ್ಣ 'ಒಂಬತ್ತು' ಎಂದು ಬರೆದು ಪಕ್ಕದಲ್ಲಿ ಗಂಟೆ ಹಾಕುವಷ್ಟರಲ್ಲಿ ಹತ್ತಾಗಿತ್ತು. ಹೊಡೆದುಹಾಕಿ ಹತ್ತು ಎಂದು ಬರೆದ, ಹನ್ನೊಂದಾಯಿತು. ಹನ್ನೆರಡು. ಹದಿಮೂರು. ಪೆನ್ನು ಜೇಬಿಗೆ ಸಿಕ್ಕಿಸಿಬಿಟ್ಟ.

"ಓಡ್ತಾ ಇದೆ ಕಣ್ರೀ!" ಎಂದು ಬೇಕರಿಯವನು ಕೂಗಿದ, ಕೆಟ್ಟಿರುತ್ತದೆ ಎಂದು ಭವಿಷ್ಯ ನುಡಿದವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಡಾಕ್ಟರು ಮತ್ತೆ ಫೋನ್ ತೆಗೆದರು. ಐವತ್ತು ದಾಟಿದ ಮಕ್ಕಳೊಂದಿಗರು ಕ್ರಿಕೆಟ್ ಸ್ಕೋರ್ ಕೂಗುವಂತೆ ಇಪ್ಪತ್ತು, ಇಪ್ಪತ್ತೊಂದು ಎಂದು ಕೂಗತೊಡಗಿದರು. ಮೀಟರಣ್ಣನ ಕಣ್ಣು ತುಂಬಿ ಬಂತು. ಹನ್ನೊಂದು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ, ನಾಚಿಕೆಯಿಲ್ಲದೆ ಕನ್ನಡಕ ತೆಗೆದು ಒರೆಸಿಕೊಂಡ.

ಹೆಂಡತಿ ಒಂದು ಲೋಟ ಟೀ ತಂದು ಕಲ್ಲುಬೆಂಚಿನ ಮೇಲೆ ಕೂತಳು. ನಿಧಾನವಾಗಿ ಕುಡಿದಳು. ಡಾಕ್ಟರ ಹೆಂಡತಿಯ ಹತ್ತಿರ ಕುಪ್ಪಸದ ತೋಳಿನ ವಿಷಯ ಮಾತಾಡಿದಳು. ಅರ್ಧ ಗಂಟೆ ಕಳೆದಿತ್ತೋ ಇಲ್ಲವೋ, ಇಂಜಿನಿಯರಮ್ಮ "ಎಂಬತ್ತಾಯ್ತು, ಇನ್ನು ಮುಂದೆ ನಿಧಾನ. ತೆಗೀಬಹುದು," ಎಂದಳು.

ಮೀಟರಣ್ಣ ವೈರು ತೆಗೆದು ಕಂಬಕ್ಕೆ ನೇತುಹಾಕಿ ಕಾರು ಹತ್ತಿದ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ಇಲ್ಲಿಂದ ಅಕ್ಕನ ಮನೆ ಎಷ್ಟು ದೂರ?"

"ಅರವತ್ತೆರಡು," ಎಂದ. ಆ ಲೆಕ್ಕಕ್ಕೆ ಅವನಿಗೆ ನೋಟ್‌ಬುಕ್ ಬೇಕಿರಲಿಲ್ಲ.

"ಎಂಬತ್ತರಲ್ಲಿ ಹೋಗುತ್ತಾ?"

"ಹೋಗಿ, ವಾಪಸ್ ಇಲ್ಲಿಗೆ ಬಂದ್ರೂ ಇನ್ನೂ ಮಿಗುತ್ತೆ."

ಅವಳು ಫೋನ್ ಕಿವಿಗಿಟ್ಟುಕೊಂಡಳು. "ಅಕ್ಕಾ, ಎದ್ದು ಓಡಾಡಬೇಡ, ಕೂತಿರು. ಇನ್ನೊಂದು ಗಂಟೇಲಿ ಬರ್ತೀನಿ... ಇಲ್ಲ, ಬಸ್ಸಲ್ಲಲ್ಲ... ಹೂಂ, ಅದೇ ಕಾರು." ಆ ಕಡೆಯಿಂದ ಅಕ್ಕ ಏನೆಂದಳೋ, ಇವಳು ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕಳು.

ಕಾರು ಹೆದ್ದಾರಿಗೆ ಬಂದು ಮನೆಯ ಕಡೆಗಲ್ಲದೆ ಎಡಕ್ಕೆ ತಿರುಗಿತು. ಅವಳು ಕಿಟಕಿಯ ಗಾಜು ಏರಿಸಿ, ಕೈ ಚಾಚಿ ಏಸಿಯನ್ನು ಮೂರಕ್ಕೆ ತಿರುಗಿಸಿದಳು. ಅಭ್ಯಾಸಬಲದಿಂದ ಮೀಟರಣ್ಣನ ಎಡಗೈ ಅದನ್ನು ಒಂದಕ್ಕೆ ಇಳಿಸಲು ಹೊರಟಿತು. ಅರ್ಧ ದಾರಿಯಲ್ಲಿ ನಿಂತು, ಮತ್ತೆ ಸ್ಟೇರಿಂಗಿಗೆ ಹೋಯಿತು. ತಣ್ಣನೆಯ ಗಾಳಿಗೆ ಅವಳ ಕೊರಳಿನ ಅಳತೆ ಟೇಪಿನ ತುದಿ ಮೆಲ್ಲಗೆ ಅಲ್ಲಾಡುತ್ತಿತ್ತು.