ಕಪ್ಪು ಚೀಟಿ

ನಾನು ಡಾಕ್ಟರಲ್ಲ, ಸೇನೆಯ ವೈದ್ಯ ಸಹಾಯಕ. ಆದರೂ ದಳದವರಿಗೆಲ್ಲ ನಾನು ಡಾಕ್ಟ್ರಣ್ಣ. ಆ ಹೆಸರಿಗೆ ಉಬ್ಬಿ ಉಬ್ಬಿಯೇ ಕೆಟ್ಟೆ.

ತಿಂಗಳ ಹಿಂದೆ ನಮ್ಮ ಬಿಡಾರದ ಪಕ್ಕದಲ್ಲೇ ಶೆಲ್ ಬಂದು ಬಿತ್ತು. ಯಾರಿಗೂ ದೊಡ್ಡ ಗಾಯವಾಗಲಿಲ್ಲ. ಸ್ಫೋಟವಾದರೆ ಎಲ್ಲರ ಕಿವಿ ಪರೀಕ್ಷಿಸಬೇಕೆಂಬುದು ನಿಯಮ. ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಅಂಕಿಗಳನ್ನು ಪಿಸುಗುಟ್ಟಿ, ಕೇಳಿಸಿತೋ ಇಲ್ಲವೋ ಬರೆದುಕೊಂಡೆ. ಇಪ್ಪತ್ತಮೂರು ಜನ. ಇಪ್ಪತ್ತನಾಲ್ಕನೆಯ ಸಾಲು ನನ್ನದು. ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟುವವರು ಯಾರು? 'ಸರಿಯಿದೆ' ಎಂದು ನಾನೇ ಬರೆದು ಸಹಿ ಹಾಕಿದೆ. ಆಗಲೇ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಎದುರು ನಿಂತು ಜೋರಾಗಿ ಮಾತಾಡಿದರೆ ಕೇಳಿಸುತ್ತಿತ್ತು, ಅಷ್ಟು ಸಾಕೆಂದುಕೊಂಡೆ. ನಿಜ ಬರೆದಿದ್ದರೆ ಆಸ್ಪತ್ರೆಗೆ ಕಳಿಸುತ್ತಿದ್ದರು. ನಾನಿಲ್ಲದಿದ್ದರೆ ಇವರಿಗೆಲ್ಲ ದಿಕ್ಕು ಯಾರು ಎಂಬ ದೊಡ್ಡಸ್ತಿಕೆ ನನಗೆ.

ಫೋನಿನಲ್ಲಿ ಅಕ್ಕನಿಗೆ ಮಾತ್ರ ಗುಮಾನಿ ಬಂತು.

"ಏನೋ, ಒಂದೊಂದು ಮಾತೂ ಎರಡೆರಡು ಸಲ ಹೇಳಿಸ್ತೀಯ? ಕಿವಿ ತೋರಿಸ್ಕೊಂಡ್ಯಾ?"

"ಲೈನ್ ಸರಿ ಇಲ್ಲ ಕಣಕ್ಕಾ."

"ಲೈನಿಗೇನು ರೋಗ! ಮನೆಗೆ ಮಾರಿ, ಊರಿಗೆ ಉಪಕಾರಿ ನೀನು. ಮೊದ್ಲು ನಿನ್ನ ನೀನು ನೋಡ್ಕೋ."

ನಕ್ಕು ಫೋನ್ ಇಟ್ಟೆ.

ನಿನ್ನೆ ಬೆಳಿಗ್ಗೆ ನಮ್ಮ ಲಾರಿ ಮಗುಚಿತು. ರಸ್ತೆಯ ಮೇಲೆ ಏಳು ಜನ ಗಾಯಾಳುಗಳು, ನಾನೊಬ್ಬನೇ. ಇಂಥ ಹೊತ್ತಿನಲ್ಲಿ ಕೈಗೆ ಬಣ್ಣದ ಚೀಟಿ ಕಟ್ಟುತ್ತೇವೆ. ಕೆಂಪು ಕಟ್ಟಿದವನನ್ನು ಮೊದಲು ಸಾಗಿಸಬೇಕು. ಸತ್ತನೆಂದು ಕಪ್ಪು ಕಟ್ಟಿದರೆ ಮುಗಿಯಿತು, ಅವನತ್ತ ಮತ್ತೆ ಯಾರೂ ತಿರುಗಿ ನೋಡುವುದಿಲ್ಲ. ಐದನೆಯವನು ನಮ್ಮ ಅಡುಗೆಯವನು, ಕಡ್ಡಿಯಂತಿದ್ದರೂ ಎಲ್ಲರ ಬಾಯಲ್ಲಿ ಗುಂಡಣ್ಣ. ಮೈ ತಣ್ಣಗಿತ್ತು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಎದೆಗೆ ಸ್ಟೆತೋಸ್ಕೋಪ್ ಇಟ್ಟು ಆಲಿಸಿದೆ. ಏನೂ ಇಲ್ಲ. ಕಪ್ಪು ಚೀಟಿ ಕಟ್ಟಿ, ಮುಖಕ್ಕೆ ಬಟ್ಟೆ ಎಳೆದು, ಆರನೆಯವನ ಹತ್ತಿರ ಓಡಿದೆ.

ಆಂಬುಲೆನ್ಸ್ ಡ್ರೈವರ್ ಬಂದು ನನ್ನ ಭುಜ ಹಿಡಿದು ಅಲುಗಾಡಿಸಿದ. ಆಗಿನಿಂದ ಕೂಗುತ್ತಲೇ ಇದ್ದನಂತೆ.

"ಡಾಕ್ಟ್ರಣ್ಣಾ! ಗುಂಡಣ್ಣನ ಮುಖದ ಮೇಲಿನ ಬಟ್ಟೆ ಅಲ್ಲಾಡ್ತಿದೆ!"

"ಗಾಳಿಗೆ ಕಣೋ."

"ಗಾಳಿ ಎಲ್ಲಿದೆ? ನರಳ್ತಿದಾನಲ್ಲಾ, ನಿಮಗೆ ಕೇಳಿಸ್ತಿಲ್ವಾ?"

ಕೇಳಿಸುತ್ತಿರಲಿಲ್ಲ. ಓಡಿ ಹೋಗಿ ಬಟ್ಟೆ ತೆಗೆದೆ. ಗುಂಡಣ್ಣನ ತುಟಿ ಅಲುಗುತ್ತಿತ್ತು. ಡ್ರೈವರ್ ನನ್ನ ಕೊರಳಿನಿಂದ ಸ್ಟೆತೋಸ್ಕೋಪ್ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡ. ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ.

"ಬಡ್ಕೋತಿದೆ!" ಎಂದ.

ಕಪ್ಪು ಚೀಟಿ ಹರಿದು ಹಾಕಿದೆ. ಕೆಂಪು ಚೀಟಿಯನ್ನು ಡ್ರೈವರನೇ ಕಟ್ಟಿದ.

ಗುಂಡಣ್ಣ ಬದುಕಿದ. ಸಂಜೆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ ಬೆನ್ನ ಹಿಂದೆ ನಿಂತರು. ಯಾವಾಗ ಶುರು ಮಾಡುತ್ತಾರೋ ಎಂದು ಕಾಯುತ್ತಿದ್ದೆ. ಅವರು ಎದುರಿಗೆ ಬಂದು, ಪರೀಕ್ಷೆ ಮುಗಿಯಿತು ಎಂದರು.

"ಎಷ್ಟು ದಿನದಿಂದ ಹೀಗೆ?"

"ಒಂದು ತಿಂಗಳು, ಸರ್."

ಒಂದೊಂದೇ ಪದ ಬಿಡಿಸಿ ಜೋರಾಗಿ ಕೇಳಿದರು. "ಈ ತಿಂಗಳಲ್ಲಿ ಬೇರೆ ಯಾರಿಗಾದ್ರೂ ಕಪ್ಪು ಚೀಟಿ ಕಟ್ಟಿದೀಯೇನಪ್ಪಾ?"

ಕಟ್ಟಿದ್ದೆ. ಹತ್ತು ದಿನದ ಹಿಂದೆ, ಕಾವಲಿನಲ್ಲಿ ಗುಂಡು ತಗುಲಿದ್ದ ಒಬ್ಬನಿಗೆ. ಅವನ ಎದೆಗೂ ಸ್ಟೆತೋಸ್ಕೋಪ್ ಇಟ್ಟು ಆಲಿಸಿದ್ದೆ. ಅವತ್ತು ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.