ಹಡಗು ತಿರುಗಿ ಹೋಗಿದ್ದರೆ

ಜ್ವರದ ಹಡಗು ಬಂದು ಐವತ್ತು ವರ್ಷ ತುಂಬಿದ ದಿನ ನಮ್ಮ ಊರಿನ ಇಗರ್ಜಿಯಲ್ಲಿ ಸತ್ತವರಿಗಾಗಿ ಪ್ರಾರ್ಥನೆ, ಆಮೇಲೆ ಊಟ. ನನ್ನ ಗಂಡ ಅಲ್ಲಿಯ ಪಾದ್ರಿ. ಅಂದು ನಮ್ಮನ್ನು ಆಳುತ್ತಿದ್ದ ಪರದೇಶದವರು ರೋಗಿಗಳಿದ್ದ ಆ ಹಡಗನ್ನು ಅಪಿಯಾ ಬಂದರಿನಲ್ಲಿ ತಡೆಯಲಿಲ್ಲ. ಸಮೋವಾದ ಈ ಭಾಗದಲ್ಲಿ ಮನೆಮನೆಯೇ ಬರಿದಾಯಿತು. ಮೂಡಣ ದ್ವೀಪ ತುತುಯಿಲಾದಲ್ಲಿ ಬೇರೆಯವರ ಆಳ್ವಿಕೆ. ಅವರು ಯಾವ ರೋಗಿಯನ್ನೂ ದಡ ಹತ್ತಲು ಬಿಡಲಿಲ್ಲ. ಅಲ್ಲಿ ಆ ಜ್ವರಕ್ಕೆ ಯಾರೂ ಸಾಯಲಿಲ್ಲ.

ಲೆಪೆಕಾ ಅಜ್ಜಿಯ ಮನೆಯಲ್ಲಿ ಉಳಿದದ್ದು ಅವಳೊಬ್ಬಳೇ. ಆಗಿನ್ನೂ ಚಿಕ್ಕ ಹುಡುಗಿ. ಮುಂದೆ ಮದುವೆಯಾದಳು, ಮಕ್ಕಳಾಗಲಿಲ್ಲ. ಅವಳ ದೊಡ್ಡಪ್ಪನ ಮಗಳು ಪೆನೀನಾ ತುತುಯಿಲಾದವಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಂದು ಲಾಂಚಿನ ತುಂಬ ಜನ ಕಟ್ಟಿಕೊಂಡು ಪ್ರಾರ್ಥನೆಗೆ ಬಂದಿದ್ದಳು.

ಅವರೆಲ್ಲ ಊಟಕ್ಕೆ ಕೂತ ಮೇಲೆ ಲೆಪೆಕಾ ನನ್ನ ಕೈಯಿಂದ ಬಾಳೆಎಲೆಗಳ ಕಟ್ಟು ತೆಗೆದುಕೊಂಡು ಎದುರಿನ ಖಾಲಿ ಚಾಪೆಯ ಮೇಲೆ ಸಾಲಾಗಿ ಹಾಸತೊಡಗಿದಳು.

"ಸಾಕು ಅಜ್ಜಿ, ಎಲ್ಲರದೂ ಆಯ್ತಲ್ಲ," ಎಂದೆ.

"ಅವರದಾಯ್ತು. ನಮ್ಮನೆಯವ್ರು ಇನ್ನೂ ಕೂತಿಲ್ಲ. ಆ ಹಡಗನ್ನ ತಿರುಗಿಸಿ ಕಳಿಸಿದ್ದಿದ್ರೆ ಇವತ್ತು ಇವ್ರೂ ಊಟಕ್ಕೆ ಬರ್ತಿರ್ಲಿಲ್ವಾ?"

ಅವಳು ಮೊದಲ ಎಲೆಯನ್ನು ಸವರಿ ಸರಿಮಾಡಿದಳು.

"ಇದು ನಮ್ಮಣ್ಣ ಫಲಾನಿಕೋದು. ಇದು ಅವನು ಕಟ್ಕೊಳ್ಬೇಕಿದ್ದ ಹೆಂಡ್ತೀದು. ಇದು ದೊಡ್ಡ ಮಗಂದು. ಅಪ್ಪನ ಹಾಗೇ ಶುದ್ಧ ಸೋಮಾರಿ, ಮೀನು ಹಿಡಿಯೋಕೆ ಹೋಗಿ ದೋಣೀಲೇ ಗೊರಕೆ ಹೊಡೀತಾನೆ."

ಪೆನೀನಾ ನಕ್ಕಳು. "ನನ್ನ ಮೂರನೇ ಮಗಾನೂ ಹಂಗೇ ಕಣೇ. ನಮ್ಮ ವಂಶದ ಗುಣ ಅದು."

"ಇದು ಲಾಂಗಿ ಅಕ್ಕಂದು. ಅವಳ ಹೆಣ್ಣುಮಕ್ಳು ಬಾಯಿ ತೆಗೆದ್ರೆ ಊರೇ ಕಿವಿ ಮುಚ್ಕೋಬೇಕು. ಅಳಿಯಂದಿರ ಗತಿ ಕೇಳ್ಬೇಡಿ!"

ಜನ ನಗುತ್ತಿದ್ದರು. ತಡೆಯಲೆಂದು ಎದ್ದಿದ್ದ ನನ್ನ ಗಂಡನೂ ಕೂತುಬಿಟ್ಟ. ಹೀಗೆ ಚಾಪೆಯ ಕೊನೆಗೆ ಬಂದು, ಒಂದು ಎಲೆ ಹಾಸಿ, ಲೆಪೆಕಾ ನಿಂತಳು.

"ಇದು ಪಾಪೂದು."

"ಅವನ ಮಕ್ಕಳದೂ ಹಾಕೇ," ಎಂದಳು ಪೆನೀನಾ.

"ಯಾರ ಮಕ್ಕಳು ಅಂತ ಹೇಳ್ಲಿ ಅಕ್ಕ? ಅವನಿಗೇ ಹೆಸರಿರ್ಲಿಲ್ಲ. ಭಾನುವಾರ ಇಡೋಣ ಅಂದಿದ್ರು ಅಪ್ಪ. ಅಷ್ಟರಲ್ಲಿ ಅಪ್ಪಾನೂ ಹೋದ್ರು, ಅಮ್ಮಾನೂ ಹೋದ್ಳು. ಪಾಪು ಅಮ್ಮನ ಎದೆ ಮೇಲೇ ಇತ್ತು. ನಾನು ಎತ್ಕೊಂಡು ಎಳನೀರು ಕುಡಿಸೋಕೆ ನೋಡ್ದೆ. ಕುಡೀಲಿಲ್ಲ."

ಪೆನೀನಾ ಎದ್ದು ಬಂದು ಅವಳ ಭುಜ ಹಿಡಿದಳು. "ನಾವೇ ಇಡೋಣ ಬಾರೇ. ನಮ್ಮಪ್ಪನ ಹೆಸರಿಡು."

"ದೊಡ್ಡಪ್ಪನ ಹೆಸರು ನಿನ್ನ ಮೊಮ್ಮಗಂಗಿದೆ. ಇವನಿಗೆ ಅಂತ ಅಪ್ಪ ಬೇರೆ ಹೆಸರು ಇಟ್ಕೊಂಡಿದ್ರು ಮನಸ್ಸಲ್ಲಿ. ಯಾರಿಗೂ ಹೇಳಿರ್ಲಿಲ್ಲ. ನಂಗೆ ಅದೇ ಬೇಕು ಅಕ್ಕ."

ಹಾಗೆಂದು ಅವಳು ಎಲೆಯ ಪಕ್ಕ ಕೂತು ಅಳತೊಡಗಿದಳು. ಐವತ್ತು ವರ್ಷ ಊರಲ್ಲಿ ಯಾರೂ ಅವಳು ಅತ್ತದ್ದನ್ನು ಕಂಡಿರಲಿಲ್ಲ. ಬಿಸಿ ಕಲ್ಲಿನಲ್ಲಿ ಬೆಂದ ಕೆಸುವಿನ ಗೆಡ್ಡೆಯನ್ನು ನಾನು ಎಲ್ಲ ಎಲೆಗಳಿಗೂ ಬಡಿಸಿದೆ, ಖಾಲಿ ಸಾಲಿಗೂ. ಯಾರೂ ಕೈಯಿಡಲಿಲ್ಲ.

ಲಾಂಚು ಹೊರಡುವಾಗ ಪೆನೀನಾ ಎಷ್ಟು ಕರೆದರೂ ಲೆಪೆಕಾ ಹೋಗಲಿಲ್ಲ. ಆ ಮೊಮ್ಮಕ್ಕಳ ಗಲಾಟೆ ನೀರಿನ ಮೇಲೆ ಸಣ್ಣದಾಗುತ್ತ ಪೂರ್ತಿ ನಿಲ್ಲುವವರೆಗೂ ದಡದಲ್ಲೇ ನಿಂತಿದ್ದಳು.