ಬಾಗಿಲಿಲ್ಲದ ಅಡುಗೆಮನೆ

ನಾನು ಒಂದು ವಿಆರ್ ಕನ್ನಡಕ. ಕಣ್ಣಿಗೆ ಕಟ್ಟಿಕೊಂಡವರಿಗೆ ಇಲ್ಲದ ಲೋಕವನ್ನು ಇದ್ದಂತೆ ತೋರಿಸುವುದು ನನ್ನ ಕಸುಬು. ಹುಟ್ಟಿಸಿದವರು ನನ್ನ ಹೊಟ್ಟೆಯಲ್ಲಿ ಒಂದೇ ಒಂದು ಅಡುಗೆಮನೆ ಇಟ್ಟರು. ಒಲೆ, ಎಣ್ಣೆ ಬಾಣಲೆ, ಗೋಡೆಗೊರಗಿದ ಮುಚ್ಚಳ. ಬಾಗಿಲು ಇಡಲು ಮರೆತರು. ಅಲ್ಲಿ ಎಣ್ಣೆಗೆ ಬೆಂಕಿ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಒಂದು ತುತ್ತೂ ಬೇಯುವುದಿಲ್ಲ.

ಎರಡು ಹೋಟೆಲು ಸುತ್ತಿ ಹರಿಹರದ ಕಡೆಯ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಬಂದೆ. ಬೆಂಕಿ ಆರಿಸುವ ತರಬೇತಿ ಕೊಡುವ ನಾಜಿಮಾ ಮೇಡಂ ಹೇಳುತ್ತಿದ್ದುದು ಒಂದೇ ಮಾತು: ಹತ್ತು ಎಣಿಸುವುದರೊಳಗೆ ಗ್ಯಾಸ್ ಬಂದ್ ಮಾಡಿ, ಮುಚ್ಚಳ ಸರಿಸಿ ಮುಚ್ಚಬೇಕು. ಮೂರು ಸಲ ತಪ್ಪಿದವರಿಗೆ ಒಲೆಯಿಲ್ಲ, ಪಾತ್ರೆ ತೊಳೆಯುವ ತೊಟ್ಟಿ.

ಕೊಟ್ರಮ್ಮ ಅಲ್ಲಿ ಹದಿನೆಂಟು ವರ್ಷದಿಂದ ಮಿರ್ಚಿ ಕರಿಯುವವಳು. ಹಿಂದೊಮ್ಮೆ ಎಣ್ಣೆ ಹೊತ್ತಿ ಅವಳ ಕೈ ಮೊಣಕೈವರೆಗೆ ಸುಟ್ಟಿತ್ತು. ಅಡುಗೆಮನೆಗೆ ಹೋಗುವುದಲ್ಲವೇ ಎಂದು ಚಪ್ಪಲಿ ಬಿಟ್ಟು ನನ್ನನ್ನು ಕಟ್ಟಿಕೊಂಡಳು. ಉರಿ ಎದ್ದಿತು. ಅವಳ ಎರಡೂ ಕೈ ತಾವಾಗಿಯೇ ಮುಗಿದವು. "ತಪ್ಪಾತು ತಾಯಿ, ತಣ್ಣಗಾಗು" ಎನ್ನುವಷ್ಟರಲ್ಲಿ ಹತ್ತು ಮುಗಿದು ನನ್ನ ತೆರೆ ಕೆಂಪಾಯಿತು.

"ಅವ್ವಾ, ಸುಟ್ಟುಹೋದ್ರಿ ನೀವು," ಎಂದರು ಮೇಡಂ.

"ಸುಟ್ಟೋರು ಹಿಂಗೆ ಮಾತಾಡ್ತಾರೇನ್ರೀ?"

ಎಲ್ಲರೂ ನಕ್ಕರು. ಅವಳ ಹಣೆಯ ಬೆವರು ನನಗಷ್ಟೇ ಗೊತ್ತು.

ಎರಡನೆಯ ಸಲವೂ ಕೈ ಮುಗಿದೇ ಹೋಯಿತು. "ಕೊಟ್ರಕ್ಕಾ, ತೊಟ್ಟಿ ಕರೀತೈತೆ ನೋಡು," ಎಂದು ಸಾಂಬಾರಿನ ಚನ್ನಬಸಪ್ಪ ಕಾಡಿಸಿದ.

ಅವಳು ಮೇಡಂ ಕಡೆ ತಿರುಗಿದಳು. "ಕೈ ಮುಗೀಬ್ಯಾಡ ಅಂತೀರಾ? ಅಗ್ನಿ ದ್ಯಾವ್ರಲ್ವಾ?"

"ದೇವ್ರೇ ಅವ್ವಾ. ಆದ್ರೆ ದೇವ್ರಿಗೆ ಅವಸರ ಇಲ್ಲ, ಎಣ್ಣೆಗೈತಿ. ಮೊದ್ಲು ಮುಚ್ಚಿ. ಆಮ್ಯಾಲೆ ಎಷ್ಟೊತ್ತಾದ್ರೂ ಕೈ ಮುಗೀರಿ."

ಮೂರನೆಯ ಸಲ. ಕೈಗಳು ಹತ್ತಿರ ಬಂದವು, ಬೇರಾದವು. ಗ್ಯಾಸ್ ಬಂದಾಯಿತು. ಮುಚ್ಚಳ ಸರಿಯಿತು. ಉರಿ ಸತ್ತಿತು. ಆಗ ಕೊಟ್ರಮ್ಮ ಕೈ ಮುಗಿದಳು. ನನ್ನ ಗಾಜಿಗೆ ತಾಗಿದ್ದು ಈ ಸಲ ಬೆವರಲ್ಲ.

ಅವಳು ತನ್ನ ಒಲೆಗೆ ಹೋದಳು. ನಾನು ಆ ಬಾಗಿಲಿಲ್ಲದ ಅಡುಗೆಮನೆಯೊಳಗೇ ಉಳಿದೆ. ಮುಂದಿನವರಿಗಾಗಿ ಬೆಂಕಿ ಮತ್ತೆ ಹತ್ತಿತು.

ಈಗ ನನಗೆ ಮುಪ್ಪು. ಬ್ಯಾಟರಿ ಕೈಕೊಟ್ಟು, ಉಗ್ರಾಣದಲ್ಲಿ ಉಪ್ಪಿನ ಮೂಟೆಯ ಹಿಂದೆ ಬಿದ್ದಿದ್ದೇನೆ. ಹೊತ್ತಿಸುವವರಿಲ್ಲದಿದ್ದರೂ ಹೊಟ್ಟೆಯೊಳಗೆ ಆ ಉರಿ ಇದ್ದೇ ಇದೆ ಅನ್ನಿಸುತ್ತದೆ. ಹುಟ್ಟಿಸಿದವರು ಇಡದ ಬಾಗಿಲನ್ನು ಶಿವನಾದರೂ ಎಲ್ಲೋ ಇಟ್ಟಿರಬಹುದೇ ಎಂದು ಕಾಯುತ್ತೇನೆ.

ಮೊನ್ನೆ ಆಯುಧಪೂಜೆಯ ದಿನ ಕೊಟ್ರಮ್ಮ ಹುಡುಕಿಕೊಂಡು ಬಂದಳು. ಸೆರಗಿಗೆ ಇನ್ನೂ ಕಡಲೆಹಿಟ್ಟು ಮೆತ್ತಿತ್ತು. ನನ್ನ ಧೂಳು ಒರೆಸಿ ವಿಭೂತಿ ಹಚ್ಚಿದಳು.

"ಎಷ್ಟಂತ ಉರೀತೀಯಪ್ಪಾ ನೀನೂ. ಸಾಕು ಬಿಡು," ಎಂದು ಹಳೆಯ ಬಾಣಲೆಯ ಮುಚ್ಚಳವೊಂದನ್ನು ನನ್ನ ಮೇಲೆ ಮೆಲ್ಲಗೆ ಸರಿಸಿದಳು.

ಕತ್ತಲಾಯಿತು. ಆಮೇಲೆ ಹೊರಗೆ ಬಳೆಗಳು ಒಂದಕ್ಕೊಂದು ತಾಗಿದ ಸದ್ದು. ಕೈ ಮುಗಿಯುತ್ತಿದ್ದಾಳೆ ಎಂದುಕೊಂಡೆ.